ದೊಡ್ಡ ಮನೆಯ ಹೆಬ್ಬಾಗಿಲಲ್ಲಿ ನಿಂತವನಿಗೆ

ಮಗಾ, "ನೀನಿಲ್ಲದಿದ್ದರೆ ನಮ್ಮ ಕೆಲಸ ಒಂದೂ ನಡೆಯಲ್ಲ ಕಣೋ" ಅಂತ ದೊಡ್ಡವರು ಯಾರಾದರೂ ಹೆಗಲ ಮೇಲೆ ಕೈ ಹಾಕಿದರೆ ಖುಷಿಪಡು. ಖುಷಿಪಡುವುದರಲ್ಲಿ ತಪ್ಪೇನಿಲ್ಲ. ಮನೆಗೆ ಬಂದು ಕೈಕಾಲು ತೊಳೆದುಕೊಂಡ ಮೇಲೆ ಮಾತ್ರ ಒಂದು ಗಳಿಗೆ ಕೂತು ಯೋಚನೆ ಮಾಡು. ಅವರಿಗೆ ಬೇಕಾಗಿರುವುದು ನೀನೋ, ನಿನ್ನ ಕೈಯಲ್ಲಿ ಆಗುವ ಕೆಲಸವೋ?

ರಾಜಕೀಯದ ಆ ಅಣ್ಣನ ಜೊತೆ ಓಡಾಡಲು ಶುರು ಮಾಡಿದ ಮೇಲೆ ಊರ್ಡಿಗೆರೆ ಹೋಬಳಿಯಲ್ಲಿ ನಿನ್ನ ಮಾತಿಗೆ ತೂಕ ಬಂದಿದೆಯಂತೆ. ನಾಡಕಚೇರಿಯಲ್ಲಿ ನಿನ್ನ ಮುಖ ಕಂಡರೆ ಕುರ್ಚಿ ಎಳೆದು ಹಾಕುತ್ತಾರೆ ಅಂತ ನಿಮ್ಮಜ್ಜಿ ಬೀದಿಗೆಲ್ಲ ಹೇಳಿಕೊಂಡು ಬಂದಳು. ನಿನ್ನ ಬೈಕಿನ ಹಿಂದೆ ಕತ್ತಿ ಹಿಡಿದ ಕೆಂಪೇಗೌಡರ ಸ್ಟಿಕ್ಕರ್ ಇದೆ, ಅದೂ ಸರಿ. ಜೀವಮಾನವೆಲ್ಲ ಮಕ್ಕಳಿಗೆ ಚರಿತ್ರೆ ಪಾಠ ಹೇಳಿದವನು ನಾನು. ಸ್ಟಿಕ್ಕರ್ ಅಂಟಿಸಿಕೊಂಡವನಿಗೆ ಆ ಮನೆಯ ಕತೆ ಪೂರ್ತಿ ಗೊತ್ತಿರಬೇಕು ಅನ್ನುವ ಹಟ ನನ್ನದು. ಕತ್ತಿಯ ಭಾಗ ಎಲ್ಲರಿಗೂ ಗೊತ್ತು. ಸೆರೆಮನೆಯ ಭಾಗ ಹೇಳುವವರು ಕಡಿಮೆ.

ಯಲಹಂಕದ ನಾಡಪ್ರಭುಗಳು, ಅಂದರೆ ಕೆಂಪೇಗೌಡರ ಮನೆಯವರು, ಎಲ್ಲಿಂದ ಬಂದವರು ಗೊತ್ತೇನು? ಕಂಚಿಯ ಕಡೆಯಿಂದ, ರಾತ್ರೋರಾತ್ರಿ, ಗಾಡಿ ಕಟ್ಟಿಕೊಂಡು. ಆ ಸೀಮೆಯ ಬಲಾಢ್ಯನೊಬ್ಬ ಮನೆಯ ಹೆಣ್ಣುಮಗಳನ್ನು ಬಲವಂತವಾಗಿ ಕೇಳಿದ. ಕೊಡಲು ಮನಸ್ಸಿಲ್ಲದ ಒಕ್ಕಲುಗಳು ಹೊಲಮನೆ ಬಿಟ್ಟು ಹೊರಟರು, ತುಂಬಿದ ಪಾಲಾರ್ ದಾಟಿದರು, ನಂದಿಬೆಟ್ಟದ ಸೀಮೆಯ ಆವತಿಯಲ್ಲಿ ನೆಲೆ ನಿಂತರು ಅನ್ನುತ್ತದೆ ಐತಿಹ್ಯ. ಆ ಆವತಿಯ ಬೇರಿನಿಂದಲೇ ದೇವನಹಳ್ಳಿ, ಚಿಕ್ಕಬಳ್ಳಾಪುರ, ದೊಡ್ಡಬಳ್ಳಾಪುರದ ಪಾಳೆಯಗಾರರು ಚಿಗುರಿದ್ದು. ನಮ್ಮ ಬೆಟ್ಟದ ಆಚೆ ಕೊರಟಗೆರೆ, ಹೊಳವನಹಳ್ಳಿಯವರೂ ಅದೇ ಬಳ್ಳಿ. ಬಲಾಢ್ಯನ ಕಾಟಕ್ಕೆ ಊರು ಬಿಟ್ಟವರೇ ಎರಡು ಮೂರು ತಲೆಮಾರಿನಲ್ಲಿ ಬಲಾಢ್ಯರಾದರು. ಇದನ್ನು ನಾನು ಹಂಗಿಸಲು ಹೇಳುತ್ತಿಲ್ಲ. ಅಧಿಕಾರದ ದಾರಿ ಬಹಳ ಸಲ ಹೀಗೇ ಇರುತ್ತದೆ, ಅಷ್ಟೇ.

ವಿಜಯನಗರದ ರಾಯರಿಗೆ ಇಂಥ ಮನೆಗಳು ಬೇಕಾಗಿದ್ದವು. ಹಂಪೆಯಲ್ಲಿ ಕೂತವನು ಯಲಹಂಕದ ಕಾಡುದಾರಿ ಕಾಯಲು ಸಾಧ್ಯವೇ? ಕಂದಾಯ ಎತ್ತಲು, ಕಳ್ಳಕಾಕರನ್ನು ಅಡಗಿಸಲು, ಯುದ್ಧ ಬಂದಾಗ ಆಳು ಕುದುರೆ ಕಳಿಸಲು ಸ್ಥಳದವನೇ ಆಗಬೇಕು. ಹಾಗಾಗಿ ಪ್ರಭುವಿಗೆ ಸೀಮೆ ಸಿಕ್ಕಿತು, ರಾಯರಿಗೆ ನೆಮ್ಮದಿ ಸಿಕ್ಕಿತು. ಹಿರಿಯ ಕೆಂಪೇಗೌಡರು ಈ ಲೆಕ್ಕ ಚೆನ್ನಾಗಿ ಬಲ್ಲವರು. ಹೊಸ ಊರು ಕಟ್ಟಬೇಕು ಅನ್ನಿಸಿದಾಗ ಅಚ್ಯುತರಾಯನ ಅಪ್ಪಣೆ ಕೇಳಿದರು. ಅಪ್ಪಣೆಯ ಜೊತೆಗೆ ಹಲಸೂರು, ಬೇಗೂರು, ವರ್ತೂರು, ಜಿಗಣಿ, ಕೆಂಗೇರಿ ಮೊದಲಾದ ಹೋಬಳಿಗಳೂ ಬಂದವು. ಅವುಗಳ ಹುಟ್ಟುವಳಿ ವರ್ಷಕ್ಕೆ 30,000 ವರಹ ಅನ್ನುತ್ತಾರೆ. 1537ರಲ್ಲಿ ಮಣ್ಣಿನ ಕೋಟೆ ಎದ್ದಿತು. ದೊಡ್ಡಪೇಟೆ, ಚಿಕ್ಕಪೇಟೆ ಕೂಡುವ ಕಡೆ ನೇಗಿಲು ಹೂಡಿ, ನಾಲ್ಕು ದಿಕ್ಕಿಗೆ ಎತ್ತು ಹೊಡೆದು ಬೀದಿ ಗೆರೆ ಎಳೆಸಿದರು ಅನ್ನುವುದು ಕೇಳಿಬಂದ ಮಾತು. ಬಳೆಗಾರರಿಗೊಂದು ಪೇಟೆ, ಕುಂಬಾರರಿಗೊಂದು, ಗಾಣಿಗರಿಗೊಂದು, ಹತ್ತಿಯವರಿಗೊಂದು, ಉಪ್ಪಾರರಿಗೊಂದು. ಕಸುಬಿನವರನ್ನು ಕರೆದು ತಂದು ಕೂರಿಸದಿದ್ದರೆ ಕೋಟೆಯೊಳಗೆ ಕಾವಲಿನವರು ಮಾತ್ರ ಉಳಿಯುತ್ತಾರೆ ಅನ್ನುವುದು ಆ ಮನುಷ್ಯನಿಗೆ ಗೊತ್ತಿತ್ತು.

ಇನ್ನು ಕೆರೆ. ಬೆಂಗಳೂರಿಗೆ ಹೊಳೆಯಿಲ್ಲ. ದಿಣ್ಣೆಯ ಮೇಲಿನ ಊರು, ಬಿದ್ದ ಮಳೆ ನಾಲ್ಕೂ ಕಡೆ ಹರಿದುಹೋಗುವ ಜಾಗ. ಏರಿ ಹಾಕಿ ತಡೆದು ನಿಲ್ಲಿಸದೆ ಗತಿಯಿರಲಿಲ್ಲ. ಧರ್ಮಾಂಬುಧಿ, ಕೆಂಪಾಂಬುಧಿ, ಸಂಪಂಗಿ ಕೆರೆ ಎಲ್ಲ ಆ ಮನೆಯವರ ಹೆಸರಿಗೆ ಅಂಟಿಕೊಂಡವು. ನೀನು ಮೆಜೆಸ್ಟಿಕ್ಕಿನಲ್ಲಿ ತುಮಕೂರು ಬಸ್ಸು ಹತ್ತುತ್ತೀಯಲ್ಲ, ಅದು ಧರ್ಮಾಂಬುಧಿಯ ಅಂಗಳ. ನೀರು ಹೋಗಿ ಬಸ್ಸು ಬಂತು, ನಿಲ್ದಾಣಕ್ಕೆ ಕೆಂಪೇಗೌಡರ ಹೆಸರು ಇಟ್ಟರು. ಇದಕ್ಕೆ ನಗಬೇಕೋ ಅಳಬೇಕೋ ನೀನೇ ಹೇಳು.

ಈಗ ಸೆರೆಮನೆ. ಊರು ಬೆಳೆಯಿತು, ವ್ಯಾಪಾರ ಹೆಚ್ಚಿತು. ಗೌಡರು ತಮ್ಮದೇ ಟಂಕಸಾಲೆ ಇಟ್ಟು, ಮನೆದೇವರು ಭೈರವನ ಹೆಸರಿನಲ್ಲಿ ನಾಣ್ಯ ಹಾಕಿಸಿದರು. ವ್ಯಾಪಾರದ ಅನುಕೂಲಕ್ಕೇ ಇರಬಹುದು, ಆದರೆ ನಾಣ್ಯ ಹಾಕಿಸುವುದು ರಾಯರೊಬ್ಬರ ಹಕ್ಕು. ಕೆರೆ ಕಟ್ಟಿಸು, ಗುಡಿ ಕಟ್ಟಿಸು, ಕೋಟೆ ಕಟ್ಟಿಸು, ಯಾರೂ ಕೇಳುವುದಿಲ್ಲ. ನಾಣ್ಯ ಹಾಕಿಸಿದೆ ಅಂದರೆ 'ಇಲ್ಲಿ ನಾನೇ ರಾಯ' ಅಂದ ಹಾಗೆ. ನೆರೆಯ ಚನ್ನಪಟ್ಟಣದ ಜಗದೇವರಾಯ ಚಾಡಿ ಹೇಳಿದ ಅನ್ನುತ್ತಾರೆ. ಇರಲಿ, ಏಳಿಗೆ ಕಂಡವರ ಪಕ್ಕದಲ್ಲಿ ಚಾಡಿ ಹೇಳುವವನು ಎಲ್ಲ ಕಾಲಕ್ಕೂ ಒಬ್ಬ ಇದ್ದೇ ಇರುತ್ತಾನೆ. ಅಳಿಯ ರಾಮರಾಯನ ಆಡಳಿತದಲ್ಲಿ ಗೌಡರನ್ನು ಆನೆಗೊಂದಿಗೆ ಕರೆಸಿ 5 ವರ್ಷ ಸೆರೆಯಲ್ಲಿಟ್ಟರು. ಸೀಮೆ ಹೋಯಿತು. ರಾಯರಿಗೆ 'ನೀನಿಲ್ಲದೆ ಆಗಲ್ಲ' ಅನ್ನಿಸಿಕೊಂಡಿದ್ದ ಮನುಷ್ಯ ಇಲ್ಲದೆಯೂ ವಿಜಯನಗರದಲ್ಲಿ 5 ಸಲ ಮಹಾನವಮಿ ನಡೆಯಿತು.

ನನಗೆ ದೊಡ್ಡದಾಗಿ ಕಾಣುವುದು ಇದರ ಮುಂದಿನ ಭಾಗ. ದಂಡ ಕಟ್ಟಿ ಬಿಡುಗಡೆಯಾಗಿ ಬಂದವರು ದಂಡು ಕಟ್ಟಲಿಲ್ಲ. ಚಾಡಿ ಹೇಳಿದವನ ಮೇಲೆ ಬೀಳಲಿಲ್ಲ. ಹೋದ ಸೀಮೆ ಮತ್ತೆ ಕೈಗೆ ಬಂತು, ಕೈಬಿಟ್ಟಿದ್ದ ಕೆರೆ, ಗುಡಿ, ಪೇಟೆಯ ಕೆಲಸ ಮತ್ತೆ ಹಿಡಿದರು. ನಾಣ್ಯದ ಮಾತು ಆಮೇಲೆ ಬರಲಿಲ್ಲ. ಅವಮಾನ ನುಂಗಿಕೊಳ್ಳುವುದು ಬೇರೆ, ಅವಮಾನದಿಂದ ಎಚ್ಚರ ಕಲಿಯುವುದು ಬೇರೆ. ನಿನ್ನ ವಯಸ್ಸಿಗೆ ಎರಡೂ ಹೇಡಿತನವಾಗಿ ಕಾಣುತ್ತವೆ ಅಂತಲೂ ನನಗೆ ಗೊತ್ತು.

ಹಾಗೆ ಮಾಡಲಾಗದೆ ಹೋದವರ ಕತೆಯೂ ಇದೆ, ಇಲ್ಲಿಯದಲ್ಲ. ನಮ್ಮ ಕಾಲದಲ್ಲಿ ಬಿ.ಎ.ಗೆ ಇಂಗ್ಲೆಂಡಿನ ಚರಿತ್ರೆ ಓದಬೇಕಿತ್ತು. ಆ ದೇಶದ ಉತ್ತರಕ್ಕೆ ಸ್ಕಾಟ್ಲೆಂಡಿನ ಗಡಿ. ಲಂಡನ್ನಿನ ರಾಜನಿಗೂ ನಮ್ಮ ರಾಯರದೇ ಕಷ್ಟ, ಗಡಿ ದೂರ, ಕಾಯುವವರು ಬೇಕು. ಆ ಗಡಿಯಲ್ಲಿ ಎರಡು ಮನೆ ಎದ್ದವು, ಪರ್ಸಿ ಮತ್ತು ನೆವಿಲ್. ಪರ್ಸಿಗಳು 1309ರಲ್ಲಿ ಆಲ್ನಿಕ್ ಕೋಟೆ ಕೊಂಡರು. 1377ರಲ್ಲಿ ನಾರ್ತಂಬರ್ಲೆಂಡಿನ ಅರ್ಲ್ ಪದವಿ ಸಿಕ್ಕಿತು. ಗಡಿ ಕಾಯಲು ರಾಜನೇ ಸಂಬಳ ಕೊಡುತ್ತಿದ್ದ. ಸೈನ್ಯ ರಾಜನ ದುಡ್ಡಿನಲ್ಲಿ, ನಿಷ್ಠೆ ಪರ್ಸಿಯ ಮನೆಗೆ. 1399ರಲ್ಲಿ ಒಬ್ಬ ರಾಜನನ್ನು ಇಳಿಸಿ ನಾಲ್ಕನೇ ಹೆನ್ರಿಯನ್ನು ಕೂರಿಸುವಾಗ ಇವರದೇ ಮುಖ್ಯ ಕೈ. ಅಲ್ಲಿಗೆ ತಲೆ ತಿರುಗಿತು ನೋಡು. ಸಂಬಳ ಬಾಕಿ ಉಳಿಯಿತು. 1402ರಲ್ಲಿ ಸ್ಕಾಟರನ್ನು ಸೋಲಿಸಿ ಹಿಡಿದ ಸೆರೆಯಾಳುಗಳನ್ನು ತನಗೆ ಒಪ್ಪಿಸಿ ಅಂದ ರಾಜ. ಅವರನ್ನು ಬಿಡಿಸಿಕೊಳ್ಳಲು ಬರುವ ಹಣವೇ ದೊಡ್ಡ ಗಂಟು, ಬಿಟ್ಟುಕೊಡಲು ಮನಸ್ಸಾಗಲಿಲ್ಲ. ಮನೆಯ ಹಿರಿಮಗ, ಹಾಟ್‌ಸ್ಪರ್ ಅನ್ನುವ ಅಡ್ಡಹೆಸರಿನ ಬಿಸಿರಕ್ತದವನು, ತಾವೇ ಕೂರಿಸಿದ ರಾಜನ ಮೇಲೆ 1403ರಲ್ಲಿ ತಿರುಗಿಬಿದ್ದ. ಶ್ರೂಸ್‌ಬರಿಯ ಬಯಲಿನಲ್ಲಿ ಸತ್ತ. ಅಪ್ಪ ಐದು ವರ್ಷ ಆಚೀಚೆ ಅಲೆದು 1408ರಲ್ಲಿ ಇನ್ನೊಂದು ಕಾಳಗದಲ್ಲಿ ಸತ್ತ. ಅವರ ಕೋಪಕ್ಕೆ ಕಾರಣವಿರಲಿಲ್ಲ ಅನ್ನುವುದಿಲ್ಲ ನಾನು. ಬಾಕಿ ನಿಜ, ರಾಜನ ಜಿಪುಣತನವೂ ನಿಜ. ಆದರೆ 'ನಾವು ಕೂರಿಸಿದವನು ನಮ್ಮ ಮಾತು ಕೇಳಬೇಕು' ಅಂದುಕೊಂಡದ್ದು ಲೆಕ್ಕ ತಪ್ಪಿಸಿತು. ಮೇಲೆ ಕೂತ ಮೇಲೆ ಏಣಿ ಹಿಡಿದವನ ಮುಖ ನೆನಪಿಟ್ಟುಕೊಳ್ಳುವವರು ಅಪರೂಪ. ನಿಮ್ಮ ಅಣ್ಣನ ಚುನಾವಣೆಯಲ್ಲಿ ನೀನು ಬೂತು ಕಾದೆ, ರಾತ್ರಿಯೆಲ್ಲ ಓಡಾಡಿದೆ. ಅದನ್ನು ನಾಳೆಯ ಸಾಲಪತ್ರ ಅಂದುಕೊಳ್ಳಬೇಡ.

ನೆವಿಲ್ ಮನೆಯ ಕತೆ ನಮ್ಮ ಹಳ್ಳಿಯ ಪಾಲುಪಾರೀಕತ್ತಿಗೆ ಇನ್ನೂ ಹತ್ತಿರ. ಮನೆಯ ಯಜಮಾನ ರಾಲ್ಫ್‌ಗೆ ಇಬ್ಬರು ಹೆಂಡಿರು, ಇಪ್ಪತ್ತಕ್ಕೂ ಹೆಚ್ಚು ಮಕ್ಕಳು. ಪದವಿ ಮೊದಲ ಹೆಂಡತಿಯ ಸಂತತಿಗೆ ಹೋಯಿತು, ಒಳ್ಳೆಯ ಜಮೀನು ಕೋಟೆಗಳೆಲ್ಲ ರಾಜವಂಶದಿಂದ ಬಂದ ಎರಡನೆಯವಳ ಮಕ್ಕಳಿಗೆ. ದಾಯಾದಿಗಳು ಎರಡು ತಲೆಮಾರು ಕಚ್ಚಾಡಿದರು. ಇದು ಸಾಲದು ಅಂತ ಪರ್ಸಿಗಳ ಜೊತೆ ಹಗೆ. 1453ರ ಆಗಸ್ಟಿನಲ್ಲಿ ನೆವಿಲ್ ಮನೆಯ ಹುಡುಗ ಮದುವೆಯಾಗಿ ದಿಬ್ಬಣದ ಜೊತೆ ವಾಪಸು ಬರುವಾಗ ಯಾರ್ಕ್ ಊರಿನ ಹೊರಗೆ ಪರ್ಸಿಯವರು ನೂರಾರು ಜನ ಕಟ್ಟಿಕೊಂಡು ಅಡ್ಡಗಟ್ಟಿದರು. ಮದುವೆ ಹೆಣ್ಣಿನ ಮುಂದೆ! ಆ ಜಗಳವೇ ಕೆಲವು ವರ್ಷಗಳಲ್ಲಿ ದೇಶದ ಒಳಯುದ್ಧಕ್ಕೆ ಸೌದೆಯಾಯಿತು. ಪರ್ಸಿಗಳಲ್ಲಿ ಒಬ್ಬ ಅರ್ಲ್ 1455ರಲ್ಲಿ, ಅವನ ಮಗ 1461ರಲ್ಲಿ ರಣದಲ್ಲಿ ಬಿದ್ದರು. ನೆವಿಲ್‌ಗಳಲ್ಲಿ ವಾರಿಕ್‌ನ ಅರ್ಲ್, 'ರಾಜರನ್ನು ಮಾಡುವವನು' ಅಂತಲೇ ಹೆಸರಾದವನು, ನಾಲ್ಕನೇ ಎಡ್ವರ್ಡನನ್ನು ಕೂರಿಸಿದ. ಆಮೇಲೆ ಅವನ ಮೇಲೆ ಮುನಿದು ಹಳೆಯ ರಾಜನನ್ನು ಮತ್ತೆ ತಂದು ಕೂರಿಸಿದ. 1471ರಲ್ಲಿ ಬಾರ್ನೆಟ್ ಕಾಳಗದಲ್ಲಿ ಅವನೂ ಸತ್ತ. ನೀನು ನಿಮ್ಮ ದೊಡ್ಡಪ್ಪನ ಮಗನ ಜೊತೆ ಬದುವಿನ ಮೇಲಿನ ಹಲಸಿನ ಮರಕ್ಕೆ ಮಾತು ಬಿಟ್ಟಿದ್ದೀಯ. ಆ ಜಗಳಕ್ಕೆ ಅಣ್ಣನ ಹುಡುಗರನ್ನು ಕರೆತರುತ್ತೇನೆ ಅಂದೆಯಂತೆ. ತರಬೇಡ. ಮರ ಅವನೇ ಇಟ್ಟುಕೊಳ್ಳಲಿ.

ಪರ್ಸಿಗಳಲ್ಲಿ ನಾಲ್ಕನೇ ಅರ್ಲ್ ಒಬ್ಬ ಇದ್ದ. ನಾನು ಬಹಳ ಯೋಚಿಸಿರುವುದು ಅವನ ಬಗ್ಗೆ. 1485ರಲ್ಲಿ ಬಾಸ್ವರ್ತ್ ಕಾಳಗದಲ್ಲಿ ತನ್ನ ರಾಜನ ಪರವಾಗಿ ಸೈನ್ಯ ತಂದವನು ಸುಮ್ಮನೆ ನಿಂತುಬಿಟ್ಟ. ರಾಜ ಸತ್ತ, ಇವನು ಹೊಸ ರಾಜನ ಕೈಕೆಳಗೆ ಉಳಿದುಕೊಂಡ. ಜಾಣ ಅನ್ನಿಸಿರಬೇಕು ಅವನಿಗೆ ಅವನೇ. ನಾಲ್ಕು ವರ್ಷದ ಮೇಲೆ, 1489ರಲ್ಲಿ, ಹೊಸ ರಾಜ ಹೊಸ ತೆರಿಗೆ ಹಾಕಿದ. ಯಾರ್ಕ್‌ಶೈರಿನ ಜನ ಕೊಡುವುದಿಲ್ಲ ಅಂದರು. ಜನರಿಗೆ ಸಮಾಧಾನ ಹೇಳಿ ದುಡ್ಡು ಎತ್ತಿಕೊಡಬೇಕಾದವನು ಈ ಅರ್ಲ್. ತೆರಿಗೆ ಹಾಕಿದವನು ಲಂಡನ್ನಿನಲ್ಲಿದ್ದ, ಕೈಗೆ ಸಿಕ್ಕವನು ಇವನು. ಜನ ಅವನನ್ನೇ ಕೊಂದರು, ಜೊತೆಗಿದ್ದ ಅವನ ಆಳುಗಳು ಬಿಟ್ಟು ಓಡಿದರು. ಮಧ್ಯದಲ್ಲಿ ನಿಂತವನ ಪಾಡು ಇದು. ನಿನ್ನ ಪಾಡೂ ಇದೇ ಆಗಬಹುದು. ಮನೆ ಮಂಜೂರಾಗದ ಮುದುಕಿ, ಬಿಲ್ಲು ಆಗದ ಮೇಸ್ತ್ರಿ, ಚರಂಡಿ ಕೆಲಸ ಅರ್ಧಕ್ಕೆ ನಿಂತ ಕೇರಿಯವರು ಅಣ್ಣನ ಮನೆ ಬಾಗಿಲಿಗೆ ಹೋಗುವುದಿಲ್ಲ. ಅವನ ಗೇಟಿಗೆ ನಾಯಿ ಇದೆ. ನಿನ್ನನ್ನು ಟೀ ಅಂಗಡಿ ಮುಂದೆ ಹಿಡಿಯುತ್ತಾರೆ. ಅವರಿಗೆ 'ಆಗುತ್ತೆ, ನಾನು ಮಾಡಿಸ್ತೀನಿ' ಅಂತ ಮಾತು ಕೊಡುವಾಗ ನಿನ್ನ ಕೈಯಲ್ಲಿ ಆಗುವಷ್ಟನ್ನೇ ಕೊಡು. ಆಗದ್ದನ್ನು ಆಗಲ್ಲ ಅನ್ನು. ಒಂದು ದಿನ ಬೈಸಿಕೊಳ್ಳುತ್ತೀಯ, ಅಷ್ಟೇ.

ನಮ್ಮ ಸುತ್ತಮುತ್ತ ಇಂಥ ಮನೆಗಳಿಗೇನೂ ಬರವಿರಲಿಲ್ಲ. ಗುಬ್ಬಿ ಊರು ಕಟ್ಟಿದವರು ಹೊಸಹಳ್ಳಿಯ ಗೌಡರು ಅನ್ನುತ್ತಾರೆ. ಹಾಗಲವಾಡಿಯ ನಾಯಕರ ಹೆಸರು ಆ ಸೀಮೆಯಲ್ಲಿ ಇನ್ನೂ ನಡೆಯುತ್ತದೆ. ಮಧುಗಿರಿಯಲ್ಲಿ ರಾಮಪ್ಪಗೌಡ, ತಿಮ್ಮಪ್ಪಗೌಡ ಇಬ್ಬರೂ ಕೂಡಿ ಆಳುತ್ತಿದ್ದಾಗ 1678ರಲ್ಲಿ ಮೈಸೂರಿನವರು ಬಂದು ಆ ಬಂಡೆಯ ಕೋಟೆ ಹಿಡಿದು ಇಬ್ಬರನ್ನೂ ಶ್ರೀರಂಗಪಟ್ಟಣಕ್ಕೆ ಒಯ್ದರು. ನಮ್ಮ ನೆತ್ತಿಯ ಮೇಲಿನ ಬೆಟ್ಟವನ್ನೇ ನೋಡು. ಜಡಕ ಅನ್ನುವ ಪಾಳೆಯಗಾರನಿಂದ ಅದು ಜಡಕನದುರ್ಗ ಆಗಿತ್ತಂತೆ. 1696ರಲ್ಲಿ ಚಿಕ್ಕದೇವರಾಜ ಒಡೆಯರು ಗೆದ್ದರು, ದೇವರಾಯನದುರ್ಗ ಆಯಿತು. ಶನಿವಾರ ನರಸಿಂಹನ ದರ್ಶನಕ್ಕೆ ಕಾರು ಹತ್ತಿಸುವವರಲ್ಲಿ ಜಡಕನ ಹೆಸರು ಕೇಳಿದವರು ಎಷ್ಟು ಜನ?

ಇಂಥ ಮನೆತನಗಳ ಹೊಗಳಿಕೆಯಲ್ಲಿ ನನಗೆ ಹಿಡಿಸದ ಒಂದು ಕತೆ ಇದೆ, ಹೇಳಿಬಿಡುತ್ತೇನೆ. ಬೆಂಗಳೂರು ಕೋಟೆಯ ಬಾಗಿಲು ನಿಲ್ಲದೆ ಬೀಳುತ್ತಿತ್ತಂತೆ, ತುಂಬುಗರ್ಭಿಣಿಯ ಬಲಿ ಬೇಕು ಅಂದರಂತೆ. ಗೌಡರು ಒಪ್ಪಲಿಲ್ಲ. ಸೊಸೆ ಲಕ್ಷ್ಮಮ್ಮ ರಾತ್ರಿ ತಾನೇ ಹೋಗಿ ಪ್ರಾಣ ಕೊಟ್ಟಳು ಅನ್ನುತ್ತಾರೆ. ಕೋರಮಂಗಲದಲ್ಲಿ ಅವಳ ಗುಡಿ ಇದೆ. ನಡೆದದ್ದೋ ಕಟ್ಟಿದ್ದೋ, ಕತೆ ಹೇಳುವಾಗ ಎಲ್ಲರೂ ತ್ಯಾಗ ತ್ಯಾಗ ಅನ್ನುತ್ತಾರೆ. ಬಾಗಿಲು ನಿಲ್ಲದಿದ್ದರೆ ಅಡಿಪಾಯ ಆಳವಾಗಿ ತೋಡಬೇಕಿತ್ತು. ದೊಡ್ಡ ಮನೆಯ ಮರ್ಯಾದೆಗೆ ಬೆಲೆ ಕೊಡುವವರು ಯಾವಾಗಲೂ ಒಳಮನೆಯವರೇ. ಅದಕ್ಕಿಂತ ನನಗೆ ಇಷ್ಟ ಕೆಂಪೇಗೌಡರದೇ ಇನ್ನೊಂದು ಸಂಗತಿ. ಮೊರಸು ಒಕ್ಕಲಿನ ಹೆಂಗಸರ ಎಡಗೈಯ ಕೊನೆಯ ಎರಡು ಬೆರಳು ಕತ್ತರಿಸಿ ಬಂಡಿದೇವರಿಗೆ ಒಪ್ಪಿಸುವ ಪದ್ಧತಿಯನ್ನು ಅವರು ನಿಲ್ಲಿಸಿದರು ಅನ್ನುತ್ತಾರೆ. ತಮ್ಮದೇ ಕುಲದವರ ಕೋಪ ಎದುರಿಸಿ ಮಾಡಬೇಕಾದ ಕೆಲಸ ಅದು. ನಿನ್ನ ಸ್ಟಿಕ್ಕರಿನಲ್ಲಿ ಅದು ಕಾಣುವುದಿಲ್ಲ. ನೀನು ರಾತ್ರಿ ಹನ್ನೆರಡಕ್ಕೆ ನಾಲ್ಕು ಜನರನ್ನು ಕರೆತಂದು ಅಡುಗೆ ಮಾಡು ಅನ್ನುತ್ತೀಯಲ್ಲ, ನಿನ್ನ ಹೆಂಡತಿ ಏನೂ ಅನ್ನುವುದಿಲ್ಲ. ಅನ್ನುವುದಿಲ್ಲ ಅಂತ ಅವಳಿಗೆ ಒಪ್ಪಿಗೆ ಇದೆ ಅಂದುಕೊಳ್ಳಬೇಡ. ಊರಿನಲ್ಲಿ ನಿನಗಿರುವ ಹೆಸರು ಏನು ಅಂತ ನನ್ನನ್ನು ಕೇಳಬೇಡ, ಅವಳನ್ನು ಕೇಳು.

ಹಿರಿಯ ಕೆಂಪೇಗೌಡರದು ಅಂತ ಗುರುತಿಸಿದ ಸಮಾಧಿ 2015ರಲ್ಲಿ ಮಾಗಡಿ ತಾಲ್ಲೂಕಿನ ಕೆಂಪಾಪುರದಲ್ಲಿ ಬೆಳಕಿಗೆ ಬಂತು. ಕುಣಿಗಲ್ ಕಡೆಯಿಂದ ಬಂದು, ಕಾದಾಡಿ, ಅಲ್ಲಿ ಐಕ್ಯರಾದರು ಅನ್ನುತ್ತದೆ ಅಲ್ಲಿಯ ಬರಹ. ಬೆಂಗಳೂರಿನಲ್ಲಿ 2022ರಲ್ಲಿ 108 ಅಡಿ ಪ್ರತಿಮೆ ನಿಲ್ಲಿಸಿದ್ದಾರಲ್ಲ, ಅದೇ ಮನುಷ್ಯ. ಸಮಾಧಿ ಮಾತ್ರ ಅಷ್ಟು ಕಾಲ ಹಳ್ಳಿಯ ಹೊಲದ ಮಗ್ಗುಲಲ್ಲಿ ಯಾರಿಗೂ ಬೇಡವಾಗಿ ಇತ್ತು.

ಅವರ ಮುಂದಿನವರ ಕಾಲಕ್ಕೆ ವಿಜಯನಗರ ಸೋತು ಸೊರಗಿತ್ತು. 1638ರಲ್ಲಿ ಬಿಜಾಪುರದ ರಣದುಲ್ಲಾಖಾನ ಬಂದ, ಬೆಂಗಳೂರು ಹೋಯಿತು. ಮನೆತನ ಮುಗಿಯಿತು ಅಂದುಕೊಂಡವರು ಇದ್ದಿರಬೇಕು. ಆದರೆ ಮಾಗಡಿ ಇತ್ತು, ಸಾವನದುರ್ಗ ಇತ್ತು, ನಮ್ಮ ಕುಣಿಗಲ್ ತಾಲ್ಲೂಕಿನ ಹುತ್ರಿದುರ್ಗ, ಹುಲಿಯೂರುದುರ್ಗ ಇದ್ದವು. ಕೆರೆ ಕಟ್ಟಿಸಿ ಒಕ್ಕಲು ಕೂರಿಸಿದ ಹಳ್ಳಿಗಳಿದ್ದವು. ಹಂಪೆಯ ರಾಯರು ಇಲ್ಲದಿದ್ದರೂ, ಬೆಂಗಳೂರು ಹೋದ ಮೇಲೆ ಇನ್ನೂ 90 ವರ್ಷ ಆ ಮನೆ ನಡೆಯಿತು. 1728ರಲ್ಲಿ ಮೈಸೂರಿನ ದಳವಾಯಿ ದೇವರಾಜಯ್ಯ ಮಾಗಡಿ ಹಿಡಿದು, ಕೊನೆಯ ಪ್ರಭು ಕೆಂಪವೀರಪ್ಪಗೌಡರನ್ನು ಶ್ರೀರಂಗಪಟ್ಟಣದ ಸೆರೆಗೆ ಹಾಕಿದರು. ಅವರು ಅಲ್ಲೇ ತೀರಿಕೊಂಡರು. ಪೂರ್ವಿಕರು 5 ವರ್ಷಕ್ಕೆ ಬಿಡುಗಡೆಯಾಗಿ ಬಂದಿದ್ದರು, ಇವರಿಗೆ ಆ ಭಾಗ್ಯವಿರಲಿಲ್ಲ. ಅದಾದ 63 ವರ್ಷಕ್ಕೆ, 1791ರ ಡಿಸೆಂಬರಿನಲ್ಲಿ, ಕಾರ್ನ್‌ವಾಲಿಸನ ದಂಡು 21ರಂದು ಸಾವನದುರ್ಗ, 24ರಂದು ಹುತ್ರಿದುರ್ಗ ಹಿಡಿಯಿತು. ಆಗ ಅವು ಟಿಪ್ಪುವಿನ ಕೋಟೆಗಳು.

ಭಾನುವಾರ ಬಿಡುವು ಮಾಡಿಕೊಂಡು ಹುತ್ರಿದುರ್ಗಕ್ಕೆ ಹೋಗಿ ಬಾ. ಕುಣಿಗಲ್ ಮೇಲೆ ಹೋಗಿ ಸಂತೆಪೇಟೆಯಲ್ಲಿ ಬೈಕು ನಿಲ್ಲಿಸು. ಬಿಸಿಲೇರುವ ಮೊದಲೇ ಹತ್ತು, ನೀರು ಒಯ್ಯಿ. ಬಾಗಿಲ ಮೇಲೆ ಬಾಗಿಲು, ಗೋಡೆಯ ಮೇಲೆ ಗೋಡೆ ಇದೆ, ಅದನ್ನು ನೋಡು. ಮೇಲಿಂದ ಕೆಳಗಿನ ಕೆರೆಗಳನ್ನೂ ನೋಡು. ನಿನ್ನ ದೊಡ್ಡಪ್ಪನ ಮಗನನ್ನೂ ಕರೆದುಕೊಂಡು ಹೋದರೆ ಪೆಟ್ರೋಲಿಗೆ ನಾನು ಕೊಡುತ್ತೇನೆ.

ಇನ್ನೊಂದು ವಿಷಯ. ಅಣ್ಣನ ಕಂಟ್ರಾಕ್ಟರ್ ಸ್ನೇಹಿತ ಬ್ಯಾಂಕಿನಲ್ಲಿ ಸಾಲ ಎತ್ತುತ್ತಿದ್ದಾನೆ, ಅದಕ್ಕೆ ನಮ್ಮ ಕೆರೆ ಹಿಂದಿನ ತೋಟ ಆಧಾರ ಹಾಕಿ ಜಾಮೀನು ನಿಲ್ಲಬೇಕು ಅಂತ ನಿನ್ನನ್ನು ಕೇಳಿದ್ದಾರೆ ಅಂತ ನಿಮ್ಮಪ್ಪ ಹೇಳಿದ. ನೀನು ಹೂಂ ಅಂದಿದ್ದೀಯಂತೆ. 'ಅಣ್ಣ ಇದ್ದಾರೆ, ಏನಾಗುತ್ತೆ' ಅಂದೆಯಂತೆ. ಅಣ್ಣನಿಗೆ ಟಿಕೆಟ್ ಸಿಗದಿದ್ದರೆ ಅವನೇ ಯಾರ ಹಿಂದೆ ನಿಲ್ಲುತ್ತಾನೋ ಗೊತ್ತಿಲ್ಲ, ನಿನ್ನ ಹಿಂದೆ ಎಲ್ಲಿ ನಿಲ್ಲುತ್ತಾನೆ? ಅವನ ಕೆಲಸ ಮಾಡು, ಬೇಡ ಅನ್ನುವುದಿಲ್ಲ. ನಾಲ್ಕು ಜನಕ್ಕೆ ಪಿಂಚಣಿ ಮಾಡಿಸಿಕೊಟ್ಟಿದ್ದೀಯ, ಅದು ಒಳ್ಳೆಯ ಕೆಲಸ. ತೋಟದ ಮಾತು ಬೇರೆ. ಪಹಣಿ ಇನ್ನೂ ನನ್ನ ಹೆಸರಿನಲ್ಲೇ ಇದೆ. ಸೋಮವಾರ ಹೋಗಿ ಹೇಳು: "ತಾತ ಒಪ್ಪುತ್ತಿಲ್ಲ, ಹಳೇ ಕಾಲದ ಮನುಷ್ಯ, ಏನು ಹೇಳಿದರೂ ಕೇಳಲ್ಲ." ಬೇಕಾದರೆ ನನ್ನನ್ನು ನಾಲ್ಕು ಮಾತು ಬೈದು ಹೇಳು. ಅಣ್ಣ ಫೋನ್ ಮಾಡಿದರೆ ನನಗೆ ಕೊಡು, ನಾನೇ ಮಾತಾಡುತ್ತೇನೆ.